12 ಅಡಿ 20 ಅಡಿ ಕೋಣೆ ಸಿಕ್ಕಿದೆ, ಓದುವ ಜಾಗ ಮಾಡಬೇಕು. ಮೊದಲು ಯಾವುದಕ್ಕೆ ಕೈ ಹಾಕೋದು?

ಕಿಟಕಿ ಪಕ್ಕ

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಸಣ್ಣ ಓದುವ ಜಾಗ ಮಾಡಲು ಹೊರಟಿದ್ದೇವೆ. ಕೋಣೆ ಸಿಕ್ಕಿದೆ. 12 ಅಡಿ ಅಗಲ, 20 ಅಡಿ ಉದ್ದ, ನೆಲಮಹಡಿ, ಬೀದಿಗಿಂತ ಒಂದು ಅಡಿ ಎತ್ತರದಲ್ಲಿದೆ. ಉತ್ತರದ ಉದ್ದ ಗೋಡೆಯಲ್ಲಿ ಎರಡು ಕಿಟಕಿ. ಬಾಗಿಲು ಪಶ್ಚಿಮಕ್ಕೆ. ದಕ್ಷಿಣದ ಗೋಡೆಯ ಕೆಳಭಾಗದಲ್ಲಿ ತೇವ ಏರಿದ ಗುರುತಿದೆ, ಬಣ್ಣ ಹಪ್ಪಳೆ ಎದ್ದಿದೆ.

ದುಡ್ಡು ಕಮ್ಮಿ. ಒಂದು ಸಲಕ್ಕೆ ಹೇಗೋ ಹೊಂದಿಸಬಹುದು, ಆದರೆ ತಿಂಗಳು ತಿಂಗಳು ಖರ್ಚು ಮಾಡುವ ಶಕ್ತಿ ನಮಗಿಲ್ಲ. ಸಂಬಳ ಕೊಟ್ಟು ಯಾರನ್ನೂ ಇಡುವುದಿಲ್ಲ. ವಿಷಯ ಗೊತ್ತಾಗುತ್ತಿದ್ದಂತೆ ಜನ ಚೀಲಗಟ್ಟಲೆ ಪುಸ್ತಕ ತಂದು ಕೊಡಲು ಶುರು ಮಾಡಿದ್ದಾರೆ, ಅವೆಲ್ಲ ಈಗ ಮೂಲೆಯಲ್ಲಿ ರಾಶಿ ಬಿದ್ದಿವೆ. ಗುಂಪಿನಲ್ಲಿ ಒಬ್ಬರು ಗಾಜಿನ ಬಾಗಿಲಿನ ಸ್ಟೀಲ್ ಬೀರು ತರೋಣ, ಬೀಗ ಹಾಕೋಣ ಅನ್ನುತ್ತಾರೆ. ಇನ್ನೊಬ್ಬರಿಗೆ ಎಸಿ ಬೇಕು. ನನಗೆ ಬೇಕಿರುವುದು ಒಂದೇ, ಉದ್ಘಾಟನೆಯ ದಿನ ಹೇಗಿರುತ್ತದೋ ಹತ್ತು ವರ್ಷ ಆದಮೇಲೂ ಜನ ಅಲ್ಲಿ ಕೂತು ಓದುತ್ತಿರಬೇಕು. ಎಲ್ಲಿಂದ ಶುರು ಮಾಡುವುದು ಹೇಳಿ.

ಇಟ್ಟಿಗೆ ಗಾರೆ

ತೇವದಿಂದ ಶುರು ಮಾಡಿ ಸರ್. ಬೇರೆ ಎಲ್ಲ ಆಮೇಲೆ.

ಹೊರಗಡೆ ಹೋಗಿ ಆ ದಕ್ಷಿಣದ ಗೋಡೆಯ ಬುಡ ನೋಡಿ. ಮುಕ್ಕಾಲು ಪಾಲು ಕಾರಣ ಅಲ್ಲೇ ಸಿಗುತ್ತದೆ. ಸೂರಿನ ನೀರು ನೇರ ಬುಡಕ್ಕೆ ಬೀಳುತ್ತಿರಬಹುದು, ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಮೇಲೆ ಬಂದಿರಬಹುದು, ಪೈಪು ಎಲ್ಲೋ ಸೋರುತ್ತಿರಬಹುದು. ಮಣ್ಣು ತೆಗೆಸಿ, ನೀರು ಗೋಡೆಯಿಂದ ಆಚೆ ಹೋಗುವಂತೆ ಇಳಿಜಾರು ಕೊಡಿ. ದಯವಿಟ್ಟು ಒಳಗಡೆಯಿಂದ ಸಿಮೆಂಟ್ ಬಳಿದು ಮೇಲೆ ಆಯಿಲ್ ಪೇಂಟ್ ಹೊಡೆಸಬೇಡಿ. ಆರು ತಿಂಗಳು ಚೆನ್ನಾಗಿ ಕಾಣುತ್ತದೆ, ಆಮೇಲೆ ಒಳಗೆ ಸಿಕ್ಕಿಕೊಂಡ ನೀರು ಇನ್ನೂ ಮೇಲಕ್ಕೆ ಏರಿ ಅಲ್ಲಿ ಹೊರಬರುತ್ತದೆ. ಸುಣ್ಣದ ಗಾರೆ ಮಾಡಿ ಸುಣ್ಣ ಬಳಿದರೆ ಗೋಡೆ ಒಣಗಲು ದಾರಿ ಇರುತ್ತದೆ.

ಗಾಳಿಯ ತೇವಾಂಶ 65 ಶೇಕಡಾ ದಾಟಿ ಹಾಗೇ ಕೆಲವು ದಿನ ನಿಂತರೆ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚುತ್ತದೆ. ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, ಒಂದನ್ನು ತಂದು ಗೋಡೆಗೆ ನೇತು ಹಾಕಿ. ಆ ದಕ್ಷಿಣದ ಗೋಡೆಗೆ ಸದ್ಯಕ್ಕೆ ಪುಸ್ತಕ ಒರಗಿಸಲೇಬೇಡಿ. ಬೇರೆ ಗೋಡೆಗಳಲ್ಲೂ ಕಪಾಟಿನ ಹಿಂದೆ ಎರಡು ಇಂಚು ಖಾಲಿ ಬಿಡಿ, ಗಾಳಿ ಆಡಲಿ.

ಬೆಳಕಿನ ವಿಷಯದಲ್ಲಿ ಮಾತ್ರ ನಿಮಗೆ ಅದೃಷ್ಟ ಇದೆ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ಒಳಕ್ಕೆ ಓದುವಷ್ಟು ಹಗಲು ಬೆಳಕು ಬರುತ್ತದೆ, ಇದು ಕಟ್ಟಡದವರ ಹಳೇ ಲೆಕ್ಕ. 7 ಅಡಿಗೆ ಮೇಲಂಚು ಇದ್ದರೆ 14 ಅಡಿವರೆಗೆ ಆರಾಮ. ನಿಮ್ಮ ಕೋಣೆಯ ಅಗಲವೇ 12. ಅಂದರೆ ಹಗಲು ದೀಪವೇ ಬೇಡ, ಕಿಟಕಿಗೆ ಅಡ್ಡ ಏನೂ ಇಡದಿದ್ದರೆ. ಉತ್ತರದ ಬೆಳಕು ಮೆತ್ತಗಿರುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ. ಸಮಭಾಜಕಕ್ಕೆ ಹತ್ತಿರದ ಕಡೆಗಳಲ್ಲಿ ಜೂನ್ ಆಸುಪಾಸು ಉತ್ತರದಿಂದಲೂ ಸ್ವಲ್ಪ ಬಿಸಿಲು ಇಣುಕುತ್ತದೆ, ಅದಕ್ಕೆ ಒಂದು ಸಣ್ಣ ಸಜ್ಜೆ ಸಾಕು.

ಲೈಬ್ರರಿ ಮೇಡಂ

ಗೋಡೆ ಒಣಗುವಷ್ಟರಲ್ಲಿ ಆ ಚೀಲಗಳ ಕಥೆ ಮುಗಿಸಿ. ಸಣ್ಣ ಗ್ರಂಥಾಲಯಗಳು ಪುಸ್ತಕ ಇಲ್ಲದೆ ಮುಚ್ಚಿದ್ದಕ್ಕಿಂತ ಪುಸ್ತಕ ಜಾಸ್ತಿಯಾಗಿ ಗೋಡೌನ್ ಆಗಿದ್ದೇ ನಾನು ಹೆಚ್ಚು ನೋಡಿರುವುದು.

ಲೆಕ್ಕ ಹಾಕಿ. ಸಾಮಾನ್ಯ ಗಾತ್ರದ ಪುಸ್ತಕ ಒಂದು ಮೀಟರ್ ಹಲಗೆಗೆ 30ರ ಸುಮಾರು ಹಿಡಿಯುತ್ತವೆ. ಮೂರಡಿ ಅಗಲದ, ನಾಲ್ಕು ಹಲಗೆಯ ಒಂದು ಕಪಾಟಿಗೆ 110. ಆದರೆ ಹಲಗೆಯನ್ನು ಪೂರ್ತಿ ತುಂಬಬಾರದು. ಬಿಗಿಯಾಗಿ ತುರುಕಿದ ಸಾಲಿನಿಂದ ಮಗು ಪುಸ್ತಕ ಎಳೆದರೆ ಬೆನ್ನು ಕಿತ್ತು ಬರುತ್ತದೆ. ಮುಕ್ಕಾಲು ತುಂಬಿದರೆ ಕಪಾಟಿಗೆ 80 ಅಂದುಕೊಳ್ಳಿ. ನಿಮ್ಮ ಕೋಣೆಯಲ್ಲಿ ಕಿಟಕಿ, ಬಾಗಿಲು, ತೇವದ ಗೋಡೆ ಎಲ್ಲ ಕಳೆದು ಏಳೆಂಟು ಕಪಾಟು ಹಿಡಿದರೆ ಹೆಚ್ಚು. ಅಂದರೆ 600 ಪುಸ್ತಕ. ಇನ್ನೊಂದು 200 ಯಾವಾಗಲೂ ಓದುಗರ ಮನೆಯಲ್ಲಿರುತ್ತವೆ. ಒಟ್ಟು 800, ಅಲ್ಲಿಗೆ ಗೆರೆ ಎಳೆಯಿರಿ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಈ ನಿಯಮವನ್ನು ಮೊದಲ ದಿನವೇ ಬಾಗಿಲಿಗೆ ಅಂಟಿಸಿ, ಯಾಕೆಂದರೆ ಆಮೇಲೆ ಹೇಳಿದರೆ ಕೊಟ್ಟವರು ಬೇಜಾರು ಮಾಡಿಕೊಳ್ಳುತ್ತಾರೆ.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯ ಬೆಳೆಯುವ ಜೀವಿ ಅನ್ನುತ್ತದೆ. ಬಹಳ ಜನ ಇದನ್ನು ರಾಶಿ ಬೆಳೆಸಲು ಕೊಟ್ಟ ಅನುಮತಿ ಅಂದುಕೊಂಡಿದ್ದಾರೆ. ಜೀವಿ ಅಂದಮೇಲೆ ಹಳೆಯದನ್ನು ಹೊರಹಾಕುವುದೂ ಅದರ ಕೆಲಸವೇ ಅಲ್ವಾ?

ಚೀಲದಲ್ಲಿ ಏನಿರುತ್ತದೆ ಅಂತ ನೋಡದೆಯೇ ಹೇಳುತ್ತೇನೆ. ಹಳೇ ಪಠ್ಯಪುಸ್ತಕ, ಪರೀಕ್ಷೆ ಗೈಡುಗಳು, ವರ್ಷ ಕಳೆದ ಕಂಪ್ಯೂಟರ್ ಪುಸ್ತಕ, ಯಾವುದೋ ಸಂಸ್ಥೆಯ ವಾರ್ಷಿಕ ವರದಿ, ಅರ್ಧ ಸೆಟ್ಟು ವಿಶ್ವಕೋಶ. ನಡುವೆ ಇಪ್ಪತ್ತಕ್ಕೊಂದು ಒಳ್ಳೆಯದು. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿ: ಇದನ್ನು ಯಾರು ಮನೆಗೆ ಕೊಂಡು ಹೋಗುತ್ತಾರೆ? ಒಬ್ಬರ ಮುಖವೂ ನೆನಪಿಗೆ ಬರಲಿಲ್ಲವಾ, ರದ್ದಿಗೆ. ಆರೋಗ್ಯ, ಕಾನೂನು, ತೆರಿಗೆ ಪುಸ್ತಕ ಹಳತಾಗಿದ್ದರೆ ಯೋಚನೆಯೇ ಬೇಡ, ಅವು ತಪ್ಪು ಮಾಹಿತಿ ಕೊಡುತ್ತವೆ.

ಮರಗೆಲಸ

ಮೇಡಂ ಹೇಳಿದ ಮೂರಡಿ ಅಗಲ ಸರಿಯಾಗಿದೆ. ಅದಕ್ಕಿಂತ ಒಂದು ಇಂಚೂ ಜಾಸ್ತಿ ಬೇಡ. 18 ಎಂಎಂ ಪ್ಲೈವುಡ್ ಆದರೂ ಮೂರಡಿ ದಾಟಿದರೆ ನಡುವೆ ಬಾಗುತ್ತದೆ. ನನ್ನನ್ನು ಕೇಳಿದರೆ ಎರಡೂವರೆ ಅಡಿಯೇ ಲೇಸು. ಪಾರ್ಟಿಕಲ್ ಬೋರ್ಡ್ ಮುಟ್ಟಲೇಬೇಡಿ, ತೇವ ಕುಡಿದು ಬಿಸ್ಕತ್ತಿನ ಹಾಗೆ ಉಬ್ಬಿ ಉದುರುತ್ತದೆ. ಒಂದು ಮೀಟರ್ ಪುಸ್ತಕದ ಸಾಲು ಅಂದರೆ 20ರಿಂದ 30 ಕೆಜಿ, ನೆನಪಿರಲಿ. ನೆಲಮಹಡಿ ಆದ್ದರಿಂದ ನಿಮಗೆ ಚಿಂತೆ ಇಲ್ಲ. ಮಹಡಿ ಮೇಲೆ ಮಾಡುವವರು ಮಾತ್ರ ಇಂಜಿನಿಯರ್ ಕೇಳದೆ ಕೈ ಹಾಕಬಾರದು, ಮನೆಯ ನೆಲವನ್ನು ಚದರ ಮೀಟರಿಗೆ 200 ಕೆಜಿ ಲೆಕ್ಕದಲ್ಲಿ ಕಟ್ಟಿರುತ್ತಾರೆ, ಒತ್ತಾಗಿ ಪುಸ್ತಕ ಜೋಡಿಸುವ ಕೋಣೆಗೆ 600 ಹಿಡಿಯುತ್ತಾರೆ.

ಕಪಾಟಿನ ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ. ನೆಲ ಒರೆಸುವಾಗ ಬಟ್ಟೆ ತಗಲುವುದಿಲ್ಲ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಪೊರಕೆ ಒಳಗೆ ಹೋಗುತ್ತದೆ. ಎತ್ತರ ನಾಲ್ಕಡಿ ಸಾಕು, ಮಕ್ಕಳ ಕೈಗೆ ಮೇಲಿನ ಹಲಗೆಯೂ ಎಟಕುತ್ತದೆ. ಗೋಡೆಗೆ ಎಲ್ ಕ್ಲ್ಯಾಂಪ್ ಹಾಕಿ ಬಿಗಿಯಲೇಬೇಕು. ಮಕ್ಕಳು ಕಪಾಟು ಹತ್ತುತ್ತಾರೆ. ಹತ್ತಬೇಡ ಅಂದರೆ ಇನ್ನೂ ಬೇಗ ಹತ್ತುತ್ತಾರೆ.

ಇನ್ನೊಂದು ಮಾತು. ಹಲಗೆಗಳನ್ನು ಮೊಳೆ ಹೊಡೆದು ಕೂರಿಸುವ ಬದಲು ಸ್ಕ್ರೂ ಹಾಕಿಸಿ, ಎಲ್ಲ ಕಪಾಟೂ ಒಂದೇ ಅಳತೆಯಲ್ಲಿರಲಿ. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು.

ಫೋಟೋ ಪ್ರಿಯ

ನೀವೆಲ್ಲ ಹಳೇ ಕಾಲದವರ ಹಾಗೆ ಮಾತಾಡುತ್ತಿದ್ದೀರಿ 😄 ಸೋರುವ ಕೋಣೆಗೆ ದುಡ್ಡು ಸುರಿಯುವ ಬದಲು ಹಳೇ ಹಡಗಿನ ಕಂಟೇನರ್ ಒಂದು ತಂದು, ಚೆನ್ನಾಗಿ ಬಣ್ಣ ಹೊಡೆಸಿ, ಎರಡು ಕಿಟಕಿ ಕೊರೆದರೆ ಮುಗಿಯಿತಲ್ಲ? ಮರುಬಳಕೆಯೂ ಆಯಿತು. ನೋಡಿದ ಕೂಡಲೇ ಜನ ಬರುತ್ತಾರೆ. ಆಕರ್ಷಣೆ ಇಲ್ಲದ ಜಾಗಕ್ಕೆ ಈಗಿನ ಹುಡುಗರು ಕಾಲಿಡುವುದಿಲ್ಲ.

ಇಟ್ಟಿಗೆ ಗಾರೆ

ಆಕರ್ಷಣೆ ಬೇಕು, ಒಪ್ಪಿದೆ. ಆದರೆ ಕಂಟೇನರಿನ ಒಳಗಿನ ಅಗಲ 2.35 ಮೀಟರ್, ಅಂದರೆ ಏಳೂ ಮುಕ್ಕಾಲು ಅಡಿಯೂ ಪೂರ್ತಿ ಬರುವುದಿಲ್ಲ. ಉಕ್ಕಿನ ಪೆಟ್ಟಿಗೆ, ಬಿಸಿಲಿಗೆ ಕಾಯುತ್ತದೆ, ಚಳಿಗೆ ಬೆವರುತ್ತದೆ. ಅದಕ್ಕೆ ಒಳಗಡೆ ಎರಡೂ ಬದಿಗೆ ಥರ್ಮೋಕೋಲೋ ಉಣ್ಣೆಯೋ ಕೂರಿಸಬೇಕು, ಅಲ್ಲಿ ಅರ್ಧ ಅಡಿ ಹೋಯಿತು. ಎರಡೂ ಕಡೆ ಕಪಾಟು ಇಟ್ಟರೆ ಇನ್ನು ಎರಡಡಿ ಹೋಯಿತು. ಉಳಿದದ್ದು ರೈಲಿನ ಓಣಿ. ಕೂತು ಓದುವುದು ಎಲ್ಲಿ? ಪಕ್ಕಕ್ಕೆ ಕಿಟಕಿ ಕೊರೆದರೆ ಆ ಮಡಿಕೆ ಗೋಡೆಯ ಬಲ ಹೋಗುತ್ತದೆ, ಚೌಕಟ್ಟು ಬೆಸುಗೆ ಹಾಕಿಸಬೇಕು. ಹಳೇ ಕಂಟೇನರುಗಳ ಮರದ ನೆಲಕ್ಕೆ ಹುಳ ಹಿಡಿಯದಿರಲಿ ಅಂತ ಔಷಧಿ ಬಳಿದಿರುವುದೂ ಉಂಟು, ಅದರ ಮೇಲೆ ಮಕ್ಕಳನ್ನು ಕೂರಿಸುವುದಾ? ಇರುವ ಕೋಣೆಯನ್ನು ಬಿಟ್ಟು ಹೊಸದಾಗಿ ಉಕ್ಕು ಸಾಗಿಸಿ ತರುವುದನ್ನು ಮರುಬಳಕೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಚೆಂದ ಮತ್ತು ಉಪಯೋಗ ಎರಡೂ ಒಟ್ಟಿಗೆ ಇರುವ ಉದಾಹರಣೆ ಬೇಕಾದರೆ ಇಂಡೋನೇಷ್ಯಾದ ಬಂಡುಂಗ್ ನಗರದಲ್ಲಿ 2016ರಲ್ಲಿ ಆದ ಬಿಮಾ ಮೈಕ್ರೋಲೈಬ್ರರಿ ಹುಡುಕಿ ನೋಡಿ. ಶೌ ಅನ್ನುವ ವಾಸ್ತುಶಿಲ್ಪಿಗಳ ಕೆಲಸ. ಗೋಡೆಗೆ 2000ಕ್ಕೂ ಹೆಚ್ಚು ಖಾಲಿ ಐಸ್‌ಕ್ರೀಂ ಡಬ್ಬಿ ಜೋಡಿಸಿದ್ದಾರೆ. ಕೆಲವು ಡಬ್ಬಿಯ ತಳ ಕತ್ತರಿಸಿ ಗಾಳಿಗೆ ದಾರಿ ಮಾಡಿದ್ದಾರೆ, ಉಳಿದವು ಬೆಳಕನ್ನು ಸೋಸಿ ಒಳಗೆ ಬಿಡುತ್ತವೆ. ಎಸಿ ಇಲ್ಲ. ಮೊದಲೇ ಅಲ್ಲಿದ್ದ ಜನರ ವೇದಿಕೆಯನ್ನು ಕೆಡವದೆ, ಅದರ ಮೇಲೆಯೇ ಲೈಬ್ರರಿಯನ್ನು ಎತ್ತಿ ಕಟ್ಟಿದ್ದಾರೆ. ಹಾಗಾಗಿ ಕೆಳಗೆ ವೇದಿಕೆಗೆ ನೆರಳೂ ಆಯಿತು.

ಬುರುಂಡಿ ದೇಶದ ಮುಯಿಂಗಾದಲ್ಲಿ 2012ರ ಒಂದು ಲೈಬ್ರರಿ ಇದೆ, ಅಲ್ಲಿಯ ಮಣ್ಣನ್ನೇ ಒತ್ತಿ ಮಾಡಿದ ಇಟ್ಟಿಗೆಯಲ್ಲಿ ಕಟ್ಟಿದ್ದು. ಎತ್ತರದ ಸೂರು, ಗೋಡೆಯಲ್ಲೇ ಗಾಳಿಕಿಂಡಿ. ಒಳಗೆ ಕತ್ತಾಳೆ ಹಗ್ಗದಲ್ಲಿ ದೊಡ್ಡ ಬಲೆ ಹೆಣೆದು ಕಟ್ಟಿದ್ದಾರೆ, ಮಕ್ಕಳು ಅದರ ಮೇಲೆ ಮಲಗಿ ಓದುತ್ತಾರೆ. ಫೋಟೋಗೂ ಚೆನ್ನಾಗಿದೆ ನೋಡಿ 🙂 ಕುರ್ಚಿ ಕೊಳ್ಳುವ ದುಡ್ಡಿನಲ್ಲಿ ಹಗ್ಗ ತಂದರೆ ನಾವೂ ಮಾಡಬಹುದು.

ಫೋಟೋ ಪ್ರಿಯ

ಆ ಬಲೆ ಸೂಪರ್. ಕಂಟೇನರ್ ವಾಪಸ್ ತಗೊಂಡೆ, ಬಣ್ಣ ಮಾತ್ರ ಬಿಡುವುದಿಲ್ಲ. ಬೀದಿಯಿಂದ ಕಾಣುವ ಒಂದು ಗೋಡೆಗಾದರೂ ಹಾಕಿಸಿ.

ತಂತಿ ಬಲ್ಬು

ಎಸಿ ಕೇಳಿದವರಿಗೆ ಇದನ್ನು ಓದಿ ಹೇಳಿ. ಸಂಜೆ ಮೂರು ತಾಸು ಎಸಿ ಹಾಕಿ ಆಮೇಲೆ ಆರಿಸಿ ಹೋದರೆ ಗೋಡೆ, ಪುಸ್ತಕ ಎಲ್ಲ ತಣ್ಣಗಾಗಿರುತ್ತವೆ, ರಾತ್ರಿ ಹೊರಗಿನ ಹಸಿ ಗಾಳಿ ಒಳಗೆ ಬಂದು ಅವುಗಳ ಮೇಲೆ ತೇವ ಕೂರುತ್ತದೆ. ಬೂಷ್ಟಿಗೆ ಹಬ್ಬ. ಹಾಕಿದರೆ ದಿನವಿಡೀ ಹಾಕಬೇಕು, ಇಲ್ಲ ಸುಮ್ನೆ ಬಿಡಬೇಕು. ನಿಮ್ಮದು ಎರಡನೆಯದು.

ಫ್ಯಾನು ಬಿಎಲ್‌ಡಿಸಿ ತಗೊಳ್ಳಿ, ಅಂದರೆ ಕಡಿಮೆ ಕರೆಂಟ್ ಎಳೆಯುವ ಮೋಟಾರಿನದು. ಹಳೇ ನಮೂನೆ 70-75 ವ್ಯಾಟ್ ಎಳೆಯುವ ಕಡೆ ಇದು 30ರ ಆಸುಪಾಸು. ಎರಡು ಫ್ಯಾನು ಆರು ಗಂಟೆ ಓಡಿದರೆ 360 ವ್ಯಾಟ್-ಅವರ್. 9 ವ್ಯಾಟಿನ ಆರು ಎಲ್‌ಇಡಿ ನಾಲ್ಕು ಗಂಟೆ ಉರಿದರೆ 216. ದಿನಕ್ಕೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟಕ್ಕೆ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಸಾಕು. ಆದರೆ ಸೋಲಾರ್ ಅಂದ ಕೂಡಲೇ ಎಲ್ಲರೂ ಪ್ಯಾನೆಲ್ ನೋಡುತ್ತಾರೆ, ಬ್ಯಾಟರಿ ನೋಡುವುದಿಲ್ಲ. ಪ್ಯಾನೆಲ್ 20-25 ವರ್ಷ ಬಾಳುತ್ತದೆ. ಲೆಡ್ ಆಸಿಡ್ ಬ್ಯಾಟರಿ ಮೂರರಿಂದ ಐದು ವರ್ಷ, ಅದೂ ಯಾರಾದರೂ ನೆನಪಿಟ್ಟು ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದರೆ. ದಾನಿಗಳು ಬ್ಯಾಟರಿ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ನಾಲ್ಕನೇ ವರ್ಷ ಎರಡನೇ ಬ್ಯಾಟರಿ ಕೊಡಲು ಯಾರೂ ಬರುವುದಿಲ್ಲ. ಕೋಣೆಗೆ ಕರೆಂಟ್ ಇದ್ದರೆ ಬ್ಯಾಟರಿಯ ಗೋಜಿಗೇ ಹೋಗಬೇಡಿ. ಹಗಲು ತೆರೆಯಿರಿ, ಸಂಜೆ ಎರಡು ತಾಸು ದೀಪ ಉರಿಸಿದ್ದಕ್ಕೆ ಬರುವ ಬಿಲ್ಲು ಏನೂ ಅಲ್ಲ.

ಓದಲು ಪುಟದ ಮೇಲೆ 300 ಲಕ್ಸ್ ಬೆಳಕು ಬೇಕು, ವಯಸ್ಸಾದವರಿಗೆ 500. ಮೋಡ ಕವಿದ ದಿನವೂ ಹೊರಗಡೆ 10,000ದ ಸುಮಾರು ಇರುತ್ತದೆ, ಅದರಲ್ಲಿ ಚೂರು ಒಳಗೆ ಬಂದರೆ ಸಾಕು. ದೀಪವನ್ನು ಸೂರಿನ ನಡುವೆ ಒಂದೇ ಸಾಲಲ್ಲಿ ಹಾಕಬೇಡಿ. ಕಪಾಟಿನ ಮುಂದೆ ನಿಂತವರ ನೆರಳು ಅವರು ಹುಡುಕುವ ಪುಸ್ತಕದ ಮೇಲೇ ಬೀಳುತ್ತದೆ. ಕಪಾಟಿನಿಂದ ಎರಡಡಿ ಈಚೆಗೆ, ಅದರ ಉದ್ದಕ್ಕೆ ಒಂದು ಸಾಲು ಹಾಕಿ. ಕೂರುವ ಜಾಗಕ್ಕೆ ಬೇರೆ ಸ್ವಿಚ್.

ಮಕ್ಕಳ ಗಲಾಟೆ

ಇಷ್ಟೆಲ್ಲ ಮಾತಾಡಿದಿರಿ, ಯಾರು ಓದಲು ಬರುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ. ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಬರುತ್ತಾರೆ. ಬೆಳಗ್ಗೆ ಪೇಪರ್ ಓದಲು ಹಿರಿಯರು ಬರುತ್ತಾರೆ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಮ್ಮದೇ ಪುಸ್ತಕ ತಂದು ಕೂರುತ್ತಾರೆ, ನಿಮ್ಮ 800ರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಅವರಿಗೆ ಬೇಕಿರುವುದು ಮೇಜು, ಚಾರ್ಜಿಂಗ್ ಪಾಯಿಂಟ್, ಮೌನ. ಅವರನ್ನೂ ಓದುಗರು ಅಂತ ಒಪ್ಪಿಕೊಳ್ಳಿ.

240 ಚದರ ಅಡಿಯಲ್ಲಿ ಮೌನ ಮತ್ತು ಮಕ್ಕಳು ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ಗೋಡೆ ಕಟ್ಟಿ ಭಾಗ ಮಾಡಬೇಡಿ, ಗಂಟೆ ಭಾಗ ಮಾಡಿ. ಮಧ್ಯಾಹ್ನದ ಎರಡು ತಾಸು ಮಕ್ಕಳದ್ದು. ಆಗ ಜೋರಾಗಿ ಓದಲಿ, ನಗಲಿ, ಯಾರೂ ಶ್ ಅನ್ನಬಾರದು. ಮಿಕ್ಕ ಹೊತ್ತು ದೊಡ್ಡವರಿಗೆ.

ಖಾಲಿ ಗೋಡೆ, ಟೈಲ್ಸ್ ನೆಲ ಇದ್ದರೆ ಒಂದು ಮಗು ಕೆಮ್ಮಿದರೂ ಕೋಣೆಯೆಲ್ಲ ಗುಂಯ್ ಅನ್ನುತ್ತದೆ. ಪುಸ್ತಕದ ಸಾಲು ಒಂದಿಷ್ಟು ಸದ್ದು ಹೀರುತ್ತದೆ. ಅದರ ಎದುರಿನ ಗೋಡೆಗೆ ದಪ್ಪ ಬಟ್ಟೆ ಅಥವಾ ಸಾಫ್ಟ್ ಬೋರ್ಡ್ ಹಾಕಿ, ಮಕ್ಕಳ ಚಿತ್ರ ಅದಕ್ಕೇ ಚುಚ್ಚಬಹುದು. ನೆಲಕ್ಕೆ ಚಾಪೆ ಇರಲಿ, ಕಾರ್ಪೆಟ್ ಬೇಡ. ಚಾಪೆಯನ್ನು ಬಿಸಿಲಿಗೆ ಹಾಕಬಹುದು, ಅಂಟಿಸಿದ ಕಾರ್ಪೆಟ್ ಧೂಳು ತೇವ ಎಲ್ಲ ಹಿಡಿದುಕೊಂಡು ಕೂರುತ್ತದೆ. ಚಿಕ್ಕವರ ಪುಸ್ತಕ ಬೆನ್ನು ತೋರಿಸಿ ನಿಲ್ಲಿಸಬೇಡಿ, ಮುಖಪುಟ ಕಾಣುವಂತೆ ಇಡಿ. ಓದಲು ಬಾರದ ಮಗು ಚಿತ್ರ ನೋಡಿಯೇ ಆರಿಸುವುದು. ಗೋಡೆಗೆ ಮಳೆನೀರು ಹರಿಯುವ ಪಿವಿಸಿ ದೋಣಿಯನ್ನು ಬೇಕಾದ ಉದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಹೊಡೆದರೆ ಸಾಕು, ಪುಸ್ತಕ ಅದರಲ್ಲಿ ಒರಗಿ ನಿಲ್ಲುತ್ತವೆ.

ಕಿಟಕಿ ಕೆಳಗೆ ಉದ್ದಕ್ಕೂ ಕಟ್ಟೆ ಕಟ್ಟಿಸಿ. ಒಂದೂವರೆ ಅಡಿ ಎತ್ತರ, ಒಂದೂವರೆ ಅಡಿ ಅಗಲ. ಇಷ್ಟು ಹೊತ್ತು ಚರ್ಚಿಸಿದ ಎಲ್ಲದರಲ್ಲೂ ಜನ ಮೊದಲು ಹಿಡಿಯುವ ಜಾಗ ಅದೇ, ಬೇಕಾದರೆ ಬರೆದಿಟ್ಟುಕೊಳ್ಳಿ.

ಹಳೇ ಬೀಗ

ಗಾಜಿನ ಬೀರು ಬೇಕು ಅಂದವರು ನನ್ನಂಥವರೇ ಇರಬೇಕು. ತೆರೆದ ಕಪಾಟು ಅಂತ ಎಲ್ಲರೂ ಸಲೀಸಾಗಿ ಹೇಳುತ್ತೀರಿ. ಕಳ್ಳತನ ಆದರೆ? ವರ್ಷದೊಳಗೆ ಒಳ್ಳೆಯ ಪುಸ್ತಕ ಎಲ್ಲ ಖಾಲಿಯಾಗಿ ಗೈಡುಗಳು ಮಾತ್ರ ಉಳಿದಿರುತ್ತವೆ. ತೆಗೆದುಕೊಂಡು ಹೋದವರು ತಂದು ಕೊಡುತ್ತಾರೆ ಅಂತ ಯಾವ ಧೈರ್ಯದ ಮೇಲೆ ನಂಬುವುದು?

ಲೈಬ್ರರಿ ಮೇಡಂ

ಹೋಗುತ್ತವೆ ಸರ್, ಒಂದಷ್ಟು ಹೋಗೇ ಹೋಗುತ್ತವೆ. ಆದರೆ ಬೀಗದೊಳಗೆ ಇರುವ ಪುಸ್ತಕ ಹೋಗದಿದ್ದರೂ ಲೆಕ್ಕಕ್ಕಿಲ್ಲ, ಅದನ್ನು ಯಾರೂ ಓದಲಿಲ್ಲವಲ್ಲ. ಯುರೋಪಿನ ಹಳೇ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ಸರಪಳಿ ಹಾಕಿ ಕಪಾಟಿಗೆ ಕಟ್ಟುತ್ತಿದ್ದರು. ರಂಗನಾಥನ್ ಅವರ ಮೊದಲ ಸೂತ್ರ, ಪುಸ್ತಕ ಇರುವುದು ಬಳಕೆಗೆ ಅನ್ನುವುದು, ಆ ಸರಪಳಿಯ ಬುದ್ಧಿಗೆ ಕೊಟ್ಟ ಉತ್ತರ. ಗಾಜಿನ ಬೀರುವಿನಲ್ಲಿ ಇನ್ನೊಂದು ತೊಂದರೆ ಇದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ಆಡುವುದಿಲ್ಲ, ಒಳಗೇ ಬೂಷ್ಟು ಬರುತ್ತದೆ. ನಿಮ್ಮ ಕೋಣೆಗಂತೂ ಅದು ಆಗಿಬರದು.

ದಂಡದ ಬಗ್ಗೆಯೂ ಕೇಳಬಹುದು, ಮೊದಲೇ ಹೇಳಿಬಿಡುತ್ತೇನೆ, ಬೇಡ. ಷಿಕಾಗೋ ಸಾರ್ವಜನಿಕ ಗ್ರಂಥಾಲಯ 2019ರಲ್ಲಿ, ನ್ಯೂಯಾರ್ಕಿನದು 2021ರಲ್ಲಿ ತಡದ ದಂಡವನ್ನೇ ತೆಗೆದುಹಾಕಿದವು. ಅಷ್ಟು ದೊಡ್ಡವರಿಗೇ ಬೇಡವಾದದ್ದು ನಮಗೆ ಯಾಕೆ? ದಂಡಕ್ಕೆ ಹೆದರಿದವರು ಪುಸ್ತಕವನ್ನೂ ತರುವುದಿಲ್ಲ, ತಾವೂ ಬರುವುದಿಲ್ಲ.

ಸಾಫ್ಟ್‌ವೇರ್ ಬೇಡ. ಉದ್ದನೆ ನೋಟ್‌ಬುಕ್, ದಾರದಲ್ಲಿ ಕಟ್ಟಿದ ಪೆನ್ನು. ತಾರೀಕು, ಪುಸ್ತಕ, ಹೆಸರು, ವಾಪಸ್ ತಂದಾಗ ಒಂದು ಗೀಟು. ಓದುಗರೇ ಬರೆಯಲಿ. ದೊಡ್ಡ ಗ್ರಂಥಾಲಯಗಳಲ್ಲಿ ವಿಷಯದ ಪ್ರಕಾರ ಪುಸ್ತಕಗಳಿಗೆ ಹಾಕುವ ದಶಾಂಶದ ನಂಬರೂ ಬೇಡ, ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿ. ಕಥೆಗೆ ಒಂದು ಬಣ್ಣ, ವಿಜ್ಞಾನಕ್ಕೆ ಒಂದು, ಚಿಕ್ಕವರಿಗೆ ಒಂದು. ಆರು ಬಣ್ಣ ಮೀರಬಾರದು. ಹೊಸದಾಗಿ ಬಂದ ಹುಡುಗಿಯೂ ಸರಿಯಾದ ಜಾಗಕ್ಕೆ ವಾಪಸ್ ಇಡಬಲ್ಲಳು ಅಂದರೆ ನಿಮಗೆ ಸಿಬ್ಬಂದಿ ಬೇಡ.

ಹಳೇ ಬೀಗ

ಬಳಕೆಯ ಮಾತು ಸರಿ ಮೇಡಂ. ಆದರೂ ನಿಘಂಟು, ಅಟ್ಲಾಸ್ ಅಂಥವನ್ನಾದರೂ ಮನೆಗೆ ಕೊಡಬೇಡಿ. ಅಷ್ಟಕ್ಕೆ ನಾನು ಬಿಡುವುದಿಲ್ಲ.

ಲೈಬ್ರರಿ ಮೇಡಂ

ಅದಕ್ಕೆ ನನ್ನ ಒಪ್ಪಿಗೆ ಇದೆ. ಮೇಜಿನ ಮೇಲೇ ಇಡಿ.

ಕೀಲಿಕೈ

ಕಿಟಕಿ ಪಕ್ಕ ಅವರೇ, ಒಂದು ಅನುಮಾನ. ಬೀಗದ ಕೈ ಯಾರ ಹತ್ತಿರ ಇರುತ್ತದೆ? ಈ ಪ್ರಶ್ನೆಗೆ ಒಬ್ಬರ ಹೆಸರು ಉತ್ತರವಾದರೆ ಆ ಜಾಗದ ಆಯಸ್ಸು ಅವರ ಉತ್ಸಾಹದಷ್ಟೇ. ಅವರಿಗೆ ಕೆಲಸ ಬದಲಾಗುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಒಂದು ವಾರ ಬಾಗಿಲು ತೆರೆಯುವುದಿಲ್ಲ. ಎರಡು ಸಲ ಬಂದು ಬೀಗ ನೋಡಿ ಹೋದವರು ಮೂರನೇ ಸಲ ಬರುವುದಿಲ್ಲ. ಕನಿಷ್ಠ ಐದು ಮನೆಯಲ್ಲಿ ಕೀಲಿ ಇರಲಿ, ಅದರಲ್ಲಿ ಒಂದು ಎದುರಿನ ಮನೆಯಲ್ಲೋ ಅಂಗಡಿಯಲ್ಲೋ. ದಿನವಿಡೀ ತೆರೆದಿಡುತ್ತೇವೆ ಅಂತ ಹೇಳಿ ಮಾಡದೇ ಇರುವುದಕ್ಕಿಂತ ದಿನಕ್ಕೆ ಎರಡೇ ಗಂಟೆ, ಆದರೆ ತಪ್ಪದೆ, ಅಂತ ಇಟ್ಟುಕೊಳ್ಳಿ.

ಬೀಗ ಹಾಕಿರುವಾಗಲೂ ಏನಾದರೂ ಸಿಗುವಂತೆ ಹೊರಗೋಡೆಗೆ ಒಂದು ಮರದ ಪೆಟ್ಟಿಗೆ ಹಾಕಿ. ಅಮೆರಿಕದ ವಿಸ್ಕಾನ್ಸಿನ್‌ನ ಹಡ್ಸನ್ ಊರಿನಲ್ಲಿ ಟಾಡ್ ಬೋಲ್ ಅನ್ನುವವರು 2009ರಲ್ಲಿ ಟೀಚರ್ ಆಗಿದ್ದ ತಮ್ಮ ತಾಯಿಯ ನೆನಪಿಗೆ ಶಾಲೆಯ ಆಕಾರದ ಪೆಟ್ಟಿಗೆ ಮಾಡಿ ಮನೆ ಮುಂದೆ ನಿಲ್ಲಿಸಿದರು. ಬೇಕಾದ್ದು ತಗೊಳ್ಳಿ, ಇದ್ದರೆ ಒಂದು ಇಡಿ. ಅದೇ ಲಿಟಲ್ ಫ್ರೀ ಲೈಬ್ರರಿ, ಈಗ ಲೋಕದ ತುಂಬ ಲಕ್ಷಕ್ಕೂ ಮೇಲೆ ಇವೆ. ನಿಮ್ಮ 800ರ ಗೆರೆ ದಾಟಿದ ಪುಸ್ತಕಗಳಲ್ಲಿ ಓದುವಂಥವು ಆ ಪೆಟ್ಟಿಗೆಗೆ ಹೋಗಲಿ, ಅವುಗಳಿಗೆ ನೋಟ್‌ಬುಕ್ಕೂ ಬೇಡ.

ನಿಧಾನ ನಡಿಗೆ

ನಾನು ವೀಲ್‌ಚೇರ್ ಬಳಸುವವಳು. ಒಂದು ಅಡಿ ಎತ್ತರ ಅಂದಿರಿ. ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ 12 ಅಡಿ ಉದ್ದದ ರ್‍ಯಾಂಪ್ ಬೇಕು. ಜಾಗ ಇಲ್ಲ ಅಂತ ಆರಡಿಗೆ ಇಳಿಸಿದರೆ ಅದು ಜಾರುಬಂಡಿ, ಯಾರಾದರೂ ತಳ್ಳಿದರೂ ಹತ್ತುವುದಿಲ್ಲ. ಬಾಗಿಲು ತೆರೆದಾಗ ಮೂರಡಿ ದಾರಿ ಸಿಗಬೇಕು, ಹೊಸ್ತಿಲು ನೆಲಕ್ಕೆ ಸಮ. ಕಪಾಟುಗಳ ನಡುವೆ ಮೂರಡಿ, ಎಲ್ಲಾದರೂ ಒಂದು ಕಡೆ ಐದಡಿ ಚೌಕ ಖಾಲಿ, ತಿರುಗಿಸಲು. ಮೇಜಿನ ಒಂದು ಬದಿಗೆ ಕುರ್ಚಿ ಇಡಬೇಡಿ.

ನನಗೆ ಮಾತ್ರ ಅಲ್ಲ ಇದು. ಕೋಲು ಹಿಡಿದವರು, ಮಗುವಿನ ಗಾಡಿ ತರುವವರು ಎಲ್ಲರೂ ಅದೇ ದಾರಿಯಲ್ಲಿ ಬರುತ್ತಾರೆ. ಹಿರಿಯರಿಗೆ ಕೈ ಇರುವ ಕುರ್ಚಿ ಎರಡಾದರೂ ಇರಲಿ, ಕಟ್ಟೆಯಿಂದ ಏಳುವುದು ಅವರಿಗೆ ಕಷ್ಟ. ಹತ್ತಿರದಲ್ಲಿ ಶೌಚಾಲಯ ಇದೆಯಾ ಅಂತ ನೀವು ಬರೆದೇ ಇಲ್ಲ. ಇಲ್ಲದಿದ್ದರೆ ಹೆಂಗಸರು ಅರ್ಧ ಗಂಟೆ ಮೇಲೆ ಕೂರುವುದಿಲ್ಲ.

ಕಿಟಕಿ ಪಕ್ಕ

ಎಲ್ಲರಿಗೂ ಥ್ಯಾಂಕ್ಸ್. ಎಲ್ಲವನ್ನೂ ಪ್ರಿಂಟ್ ಹಾಕಿ ಗುಂಪಿಗೆ ಕೊಟ್ಟೆ. ಎಸಿ ಬಿದ್ದುಹೋಯಿತು. ಗಾಜಿನ ಬೀರುವಿನ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ.

ನಕ್ಷೆ ಹೀಗೆ ಬಂದಿದೆ. ಉತ್ತರದ ಕಿಟಕಿಗಳ ಕೆಳಗೆ ಉದ್ದಕ್ಕೂ ಕಟ್ಟೆ. ಪೂರ್ವದ ಗೋಡೆಗೆ ನಾಲ್ಕು ಕಪಾಟು. ಇನ್ನೆರಡು ಕಪಾಟು ಬೆನ್ನಿಗೆ ಬೆನ್ನು ಕೊಟ್ಟು, ನೆಲಕ್ಕೆ ಬಿಗಿದು, ಕೋಣೆಯ ನಡುವೆ ಅಡ್ಡಕ್ಕೆ. ಅದರ ಆಚೆ ಮಕ್ಕಳ ಚಾಪೆ, ಈಚೆ ಮೇಜು. ದಕ್ಷಿಣದ ಗೋಡೆ ಸದ್ಯಕ್ಕೆ ಖಾಲಿ, ಸಾಫ್ಟ್ ಬೋರ್ಡ್ ಮಾತ್ರ, ಅದೂ ಸೊಂಟದಿಂದ ಮೇಲೆ. ರ್‍ಯಾಂಪ್ ಗೋಡೆಯ ಪಕ್ಕಕ್ಕೆ ತಿರುಗಿಸಿ 12 ಅಡಿ ಹೊಂದಿಸಿದ್ದೇವೆ. ಶೌಚಾಲಯ ಪಕ್ಕದ ಕಟ್ಟಡದಲ್ಲಿದೆ, ಕೇಳಿದ್ದೇವೆ, ಒಪ್ಪಿದ್ದಾರೆ. ಕಪಾಟು ಆರಕ್ಕೇ ನಿಂತಿತು, ಹಾಗಾಗಿ ಪುಸ್ತಕ ಇನ್ನೂ ಕಡಿಮೆ ಮಾಡಬೇಕು.

ಎರಡು ಪ್ರಶ್ನೆ ಉಳಿದಿವೆ. ಪಶ್ಚಿಮದ ಬಾಗಿಲಿನಿಂದ ಸಂಜೆ ಬಿಸಿಲು ನೇರ ಮೇಜಿಗೆ ಬರುತ್ತದೆ, ಸಜ್ಜೆ ದೊಡ್ಡದು ಮಾಡಿಸಲೇ? ಆಮೇಲೆ ಚೀಲ ಬಿಚ್ಚಿದಾಗ ಕೆಲವು ಒಳ್ಳೆಯ ಪುಸ್ತಕಗಳಲ್ಲಿ ಹುಳ ಕಂಡವು, ಬಿಸಾಡಲು ಮನಸ್ಸಿಲ್ಲ.

ಇಟ್ಟಿಗೆ ಗಾರೆ

ಸಜ್ಜೆ ಕೆಲಸಕ್ಕೆ ಬಾರದು. ಸಂಜೆ ಸೂರ್ಯ ತಗ್ಗಿನಲ್ಲಿರುತ್ತಾನೆ, ಸಜ್ಜೆಯ ಅಡಿಯಿಂದಲೇ ನುಸುಳಿ ಬರುತ್ತಾನೆ. ನಿಂತಿರುವ ತಡೆ ಬೇಕು. ಬಾಗಿಲಿನ ಮುಂದೆ ನಾಲ್ಕೈದು ಅಡಿ ಆಚೆಗೆ ಜಾಲಿ ಇಟ್ಟಿಗೆಯ ಗಿಡ್ಡ ಗೋಡೆ, ಇಲ್ಲವೇ ಬಿದಿರಿನ ತಟ್ಟಿಗೆ ಬಳ್ಳಿ ಹಬ್ಬಿಸಿ. ಬಿದಿರಾದರೆ ಬೊರಾಕ್ಸ್, ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಿದ್ದನ್ನೇ ತನ್ನಿ, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ. ರ್‍ಯಾಂಪಿಗೆ ಅಡ್ಡ ಬಾರದಂತೆ ನೋಡಿಕೊಳ್ಳಿ. ದಿನಪತ್ರಿಕೆಯ ಸ್ಟ್ಯಾಂಡ್ ಆ ಬಿಸಿಲಿನ ದಾರಿಯಲ್ಲಿ ಇಡಬೇಡಿ, ಆ ಕಾಗದ ಬೇಗ ಹಳದಿಯಾಗುತ್ತದೆ.

ಲೈಬ್ರರಿ ಮೇಡಂ

ಹುಳ ಇರುವ ಪುಸ್ತಕಗಳನ್ನು ಈಗಲೇ ಬೇರೆ ಕೋಣೆಗೆ ಸಾಗಿಸಿ, ಉಳಿದವುಗಳ ಹತ್ತಿರ ಇಡಬೇಡಿ. ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪ್ ಸುತ್ತಿ. ಯಾರ ಮನೆಯಲ್ಲಾದರೂ ಡೀಪ್ ಫ್ರೀಜರ್ ಇದ್ದರೆ ಎರಡು ವಾರ ಅದರಲ್ಲಿಡಿ, ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ ಇರುತ್ತದೆ, ಅಷ್ಟು ಸಾಕು, ಹುಳ ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ದಿನ ಪೂರ್ತಿ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ನೀರು ಕೂರುತ್ತದೆ. ಆಮೇಲೆ ಮೆತ್ತನೆ ಬ್ರಷ್‌ನಲ್ಲಿ ಪುಟ ಝಾಡಿಸಿ, ಮನೆ ಹೊರಗೆ. ನುಸಿಗುಳಿಗೆ ಹಾಕುವ ಅಭ್ಯಾಸ ಇದ್ದರೆ ಬಿಡಿ, ಮಕ್ಕಳು ಕೂರುವ ಜಾಗದಲ್ಲಿ ಅದರ ಆವಿ ಒಳ್ಳೆಯದಲ್ಲ. ಬೂಷ್ಟು ಹಿಡಿದು ಪುಟ ಅಂಟಿಕೊಂಡದ್ದಿದ್ದರೆ ಮಾತ್ರ ಉಳಿಸುವ ಆಸೆ ಬೇಡ.

ಮರಗೆಲಸ

ನಡುವಿನ ಕಪಾಟಿಗೆ ಚಕ್ರ ಹಾಕಿಸೋಣ ಅಂತ ಯಾರಾದರೂ ಹೇಳಬಹುದು, ಕಥೆ ಓದುವ ದಿನ ಪಕ್ಕಕ್ಕೆ ಸರಿಸಬಹುದು ಅಂತ. ತುಂಬಿದ ಕಪಾಟು 90 ಕೆಜಿ ಮೇಲೆ ಇರುತ್ತದೆ. ಬ್ರೇಕ್ ಇರುವ ದೊಡ್ಡ ಚಕ್ರ, ಅಗಲವಾದ ಬುಡ, ಎತ್ತರ ಮೂರೂವರೆ ಅಡಿ ಮೀರದ ಹಾಗೆ ಮಾಡಿದರೆ ಆಗುತ್ತದೆ, ಇಲ್ಲದಿದ್ದರೆ ನೀವು ಅಂದುಕೊಂಡಂತೆ ನೆಲಕ್ಕೆ ಬಿಗಿಯುವುದೇ ಸರಿ. ಅಳತೆ ಅಂತಿಮವಾದರೆ ಇಲ್ಲೇ ಹಾಕಿ, ಒಂದು ಶೀಟಿನಲ್ಲಿ ವೇಸ್ಟ್ ಆಗದಂತೆ ಎಷ್ಟು ಹಲಗೆ ಬರುತ್ತವೆ ಅಂತ ಬರೆದುಕೊಡುತ್ತೇನೆ.

ಕಿಟಕಿ ಪಕ್ಕ

ಬಿಗಿದೇ ಬಿಡುತ್ತೇವೆ. ಅಳತೆ ಭಾನುವಾರ ತೆಗೆಯುತ್ತೇವೆ, ಅವತ್ತು ರಾತ್ರಿಯೇ ಹಾಕುತ್ತೇನೆ. ಹಲಗೆ ಆಳ ಹತ್ತು ಇಂಚು ಸಾಕೋ, ಹನ್ನೆರಡು ಬೇಕೋ?

ಮರಗೆಲಸ

ಹತ್ತು ಸಾಕು. ಮಕ್ಕಳ ದೊಡ್ಡ ಚಿತ್ರಪುಸ್ತಕ ಇಡುವ ಒಂದು ಕಪಾಟಿಗೆ ಮಾತ್ರ ಹನ್ನೆರಡು.